ಬಾಣಂತನ ಇಡೀ ಮನೆಯದಾಗಲಿ: ದಾವಣಗೆರೆ, ಹರಿಹರದ ಕುಟುಂಬಗಳಿಗೆ ಒಂದು ಮನವಿ

ದಾವಣಗೆರೆಯಲ್ಲಾಗಲಿ, ಹರಿಹರದಲ್ಲಾಗಲಿ, ಮನೆಮಗಳು ಬಸುರಿ ಎಂದು ತಿಳಿದ ಮೇಲೆ ಕೆಲಸಗಳು ತಾವಾಗಿಯೇ ಹಂಚಿಕೆಯಾಗುತ್ತವೆ. ಒಬ್ಬರು ಕುಬುಸಕ್ಕೆ ದಿನ ನೋಡುತ್ತಾರೆ. ಇನ್ನೊಬ್ಬರು ಹಸಿರು ಸೀರೆ, ಹಸಿರು ಬಳೆ ತರುತ್ತಾರೆ. ಸೋದರತ್ತೆ ಬಗೆಬಗೆಯ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲು ಕೆಳಗಿಳಿಯುತ್ತದೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಆಳ್ವಿ, ಒಣಶುಂಠಿ ಎಂದು ಚೀಟಿ ಬರೆದುಕೊಟ್ಟರೆ ಸಾಕು, ಯಾರದೋ ಮನೆಯಲ್ಲಿ ಬಾಣಂತನಕ್ಕೆ ತಯಾರಿ ನಡೆದಿದೆ ಎಂದು ಕಿರಾಣಿ ಅಂಗಡಿಯವರಿಗೂ ಗೊತ್ತಾಗುತ್ತದೆ. ಚೆಂದದ ಪದ್ಧತಿ ಇದು. ಇದರಲ್ಲಿ ಪ್ರೀತಿ ಇದೆ, ತಲೆಮಾರುಗಳ ಅನುಭವವೂ ಇದೆ.

ಇಷ್ಟೆಲ್ಲ ತಯಾರಿಯ ನಡುವೆ ಕೆಲವು ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೂಸು ಮನೆಗೆ ಬಂದ ಮೇಲೆ ರಾತ್ರಿ ಎರಡು ಗಂಟೆಗೆ ಅದರ ಬಟ್ಟೆ ಬದಲಿಸುವವರು ಯಾರು? ಬಾಣಂತಿ ಹೊತ್ತಿಗೆ ಸರಿಯಾಗಿ ಉಂಡಳೇ, ನಾಲ್ಕು ತಾಸು ನಿದ್ದೆ ಮಾಡಿದಳೇ ಎಂದು ನೋಡುವ ಹೊಣೆ ಯಾರದು? ಗಂಡನಾದವನು ಈ ದಿನಗಳಲ್ಲಿ ಎಲ್ಲಿರುತ್ತಾನೆ? ಅವನು ಮಾಡಬೇಕಾದ್ದೇನು? ಇವೆಲ್ಲ ಹೇಗೋ ಆಗುತ್ತವೆ ಎಂದು ಬಿಟ್ಟುಬಿಡುತ್ತೇವೆ. ಹಿಂದೆ ಹೇಗೋ ಆಗುತ್ತಿದ್ದವು ಕೂಡ. ಮನೆ ತುಂಬ ಹೆಂಗಸರಿದ್ದರು. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ಕೂಸನ್ನು ಎತ್ತಿಕೊಳ್ಳುತ್ತಿದ್ದರು.

ಈಗ ಹಾಗಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು ನಿಂತವು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿತು. ಇಲ್ಲಿಯ ಕಾಲೇಜುಗಳಲ್ಲಿ ಓದಿದ ನಮ್ಮ ಮಕ್ಕಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದರು. ಹೆರಿಗೆಗೆ ಮಗಳು ತವರಿಗೆ ಬಂದಾಗ ಮನೆಯಲ್ಲಿರುವುದು ಅಪ್ಪ, ಅಮ್ಮ ಇಬ್ಬರೇ. ಆ ಅಮ್ಮನೂ ಎಷ್ಟೋ ಸಲ ಶಾಲೆಗೋ, ಕಚೇರಿಗೋ, ಅಂಗಡಿಗೋ ಹೋಗುವವರು. ಅಳಿಯ ಶನಿವಾರದ ರೈಲಿಗೆ ಬಂದು ಭಾನುವಾರ ರಾತ್ರಿ ಹೊರಟುಬಿಡುತ್ತಾನೆ. ಬಾಣಂತನದ ಹೆಸರು ಹಾಗೆಯೇ ಉಳಿದಿದೆ. ಅದನ್ನು ಹೊರುವ ಕೈಗಳು ಕಡಿಮೆಯಾಗಿವೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಕುಬುಸಕ್ಕೂ ತೊಟ್ಟಿಲಿಗೂ ಎಷ್ಟು ಮನಸ್ಸಿಟ್ಟು ತಯಾರಾಗುತ್ತೀರೋ, ಹೆರಿಗೆಯ ನಂತರದ ಮೊದಲ 42 ದಿನಗಳಿಗೂ ಅಷ್ಟೇ ಮನಸ್ಸಿಟ್ಟು ತಯಾರಾಗಿ. ನಲವತ್ತು ದಿನ ಕಳೆಯುವ ತನಕ ಬಾಣಂತಿಯನ್ನು ಜೋಪಾನ ಮಾಡಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ವೈದ್ಯಶಾಸ್ತ್ರವೂ ಆರು ವಾರಗಳನ್ನೇ ಬಾಣಂತನದ ಕಾಲವೆಂದು ಎಣಿಸುತ್ತದೆ. ಈ ಆರು ವಾರ ಚೆನ್ನಾಗಿ ಕಳೆದರೆ ತಾಯಿಗೂ ಕೂಸಿಗೂ ಮುಂದಿನ ದಾರಿ ಹಗುರವಾಗುತ್ತದೆ.

ನಾವು ಈಗಾಗಲೇ ಬಹಳ ದೂರ ಬಂದಿದ್ದೇವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಇದು ಸಣ್ಣ ಸಾಧನೆಯಲ್ಲ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಶವೂ ಇದೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಸಿಕ್ಕ ಮಕ್ಕಳು ಅರ್ಧದಷ್ಟು ಮಾತ್ರ. ಆಸ್ಪತ್ರೆಯ ಬಾಗಿಲ ತನಕ ಎಲ್ಲರೂ ಜೊತೆಗೆ ಬರುತ್ತೇವೆ. ಅಲ್ಲಿಂದ ಮುಂದಿನ ಹೆಜ್ಜೆಗಳಲ್ಲಿ ತಾಯಿ ಒಂಟಿಯಾಗುತ್ತಾಳೆ.

ಹಾಲಿನ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮ ಮನೆಗಳಲ್ಲಿ ಹೆಚ್ಚು ಆತಂಕ ಹುಟ್ಟಿಸುವ ಮಾತು, ‘ಹಾಲು ಸಾಲ್ತಿಲ್ಲ’ ಎಂಬುದು. ಕೂಸು ಅತ್ತ ಕೂಡಲೇ ಯಾರಾದರೂ ಅದನ್ನು ಅಂದೇ ಅನ್ನುತ್ತಾರೆ. ಕೇಳಿದ ತಾಯಿಯ ಧೈರ್ಯ ಅಲ್ಲೇ ಕುಗ್ಗುತ್ತದೆ. ಸಂಜೆಯೊಳಗೆ ಡಬ್ಬಿ ಹಾಲು ಮನೆಗೆ ಬರುತ್ತದೆ. ಕೂಸು ಎದೆ ಚೀಪುವುದು ಕಡಿಮೆಯಾದಂತೆ ಹಾಲು ಬರುವುದೂ ಕಡಿಮೆಯಾಗುತ್ತದೆ. ಹೇಳಿದ ಮಾತು ಕೊನೆಗೆ ನಿಜವೇ ಆಗಿಬಿಡುತ್ತದೆ.

ದಾವಣಗೆರೆಯ ಓದುಗರಿಗೆ ಇಲ್ಲಿ ಹೆಮ್ಮೆಯಿಂದ ನೆನಪಿಸಬೇಕಾದ ಒಂದು ಸಂಗತಿ ಇದೆ. ಇಂಥ ತಾಯಂದಿರಿಗೆ ಹೇಗೆ ನೆರವಾಗಬೇಕೆಂದು ಜಗತ್ತಿಗೆ ಕಲಿಸಿದವರಲ್ಲಿ ಈ ಊರಿನ ವೈದ್ಯರೂ ಇದ್ದಾರೆ. ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ವೈದ್ಯರಾದ ನಿರ್ಮಲಾ ಕೇಸರಿ, ಸಿ.ಆರ್. ಬಾಣಾಪುರಮಠ, ಶೋಭಾ ಬಾಣಾಪುರಮಠ ಮತ್ತು ಅವರ ಸಂಗಡಿಗರು 1993ರಲ್ಲಿ ಒಂದು ಪುಟ್ಟ ಉಪಾಯವನ್ನು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊಲೆತೊಟ್ಟು ಒಳಕ್ಕೆ ಸೇರಿಕೊಂಡಿರುವ ತಾಯಂದಿರಿಗೆ ಹಾಲೂಡಿಸುವುದು ಕಷ್ಟ. ಈ ವೈದ್ಯರು ಸಾಮಾನ್ಯ ಪ್ಲಾಸ್ಟಿಕ್ ಸಿರಿಂಜಿನ ಸೂಜಿ ಕಡೆಯ ತುದಿಯನ್ನು ಕತ್ತರಿಸಿದರು. ಒಳಗಿನ ದಂಡವನ್ನು ತೆಗೆದು, ಕತ್ತರಿಸಿದ ಕಡೆಯಿಂದ ತೂರಿಸಿದರು. ನುಣುಪಾದ ಬಾಯಿಯನ್ನು ಎದೆಗಿಟ್ಟು ಮೆಲ್ಲಗೆ ಎಳೆದರೆ ತೊಟ್ಟು ಹೊರಬರುತ್ತದೆ. ಕೆಲವೇ ರೂಪಾಯಿಯ ಸಾಧನ ಅದು. ಸಿರಿಂಜ್ ವಿಧಾನ ವಿಶ್ವ ಆರೋಗ್ಯ ಸಂಸ್ಥೆಯ ಸ್ತನ್ಯಪಾನ ತರಬೇತಿಯ ಪಾಠವೂ ಆಯಿತು.

ಅವರ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಮಗುವನ್ನು ತಾವು ಹೆರದೆ ಸಾಕುತ್ತಿದ್ದ ಹೆಂಗಸರಲ್ಲೂ ಹಾಲು ಬರಿಸಬಹುದು ಎಂದು ಅದೇ 1993ರ ಇನ್ನೊಂದು ಲೇಖನದಲ್ಲಿ ತೋರಿಸಿದರು. ಹಾಲು ನಿಂತೇಹೋಯಿತು ಎಂದುಕೊಂಡ ತಾಯಂದಿರಲ್ಲಿ ಅದನ್ನು ಮತ್ತೆ ಬರಿಸಿದ ಅನುಭವವನ್ನು 2003ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬರೆದರು. ಈ ತಾಯಂದಿರು ವಾರ್ಡಿನಲ್ಲಿ ಮಲಗಿದ್ದವರಲ್ಲ, ಹೊರರೋಗಿಗಳಾಗಿ ಬಂದುಹೋಗುತ್ತಿದ್ದವರು. ಕೂಸನ್ನು ಮತ್ತೆ ಮತ್ತೆ ಎದೆಗೆ ಹಾಕುವುದು, ತಾಯಿಗೆ ಧೈರ್ಯ ತುಂಬುವುದು, ಮನೆಯವರು ಜೊತೆಗೆ ನಿಲ್ಲುವುದು. ಇಂಥ ಕೆಲಸದಲ್ಲಿ ಔಷಧಿಗಿಂತ ಇವೇ ಮುಖ್ಯ. ನಿಂತ ಹಾಲೇ ಮತ್ತೆ ಬರಬಲ್ಲದು ಎಂದಾದರೆ, ಹೆತ್ತು ನಾಲ್ಕು ದಿನವಾದ ತಾಯಿಗೆ ‘ನಿನಗೆ ಹಾಲಿಲ್ಲ’ ಎನ್ನಲು ನಮಗೆ ಯಾವ ಆತುರ?

ದಯವಿಟ್ಟು ಅಳುವನ್ನು ನೋಡಿ ಹಾಲನ್ನು ಅಳೆಯಬೇಡಿ. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಅದರ ಹೊಟ್ಟೆ ಚಿಕ್ಕದು, ಬೇಗ ಹಸಿವಾಗುತ್ತದೆ. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಅದು ಹುಟ್ಟಿದ ತೂಕಕ್ಕೆ ಮರಳುತ್ತದೆ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಿಲ್ಲದೆ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಆರು ತಿಂಗಳು ತುಂಬುವ ತನಕ ನೀರೂ ಬೇಡ. ನಮ್ಮೂರಿನ ಏಪ್ರಿಲ್ ಬಿಸಿಲಿಗೂ ಎದೆಹಾಲಿನಲ್ಲಿರುವ ನೀರೇ ಸಾಕು. ಮೊದಲ ದಿನಗಳ ಹಳದಿ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬೇಡಿ. ಕೂಸಿಗೆ ಸಿಗುವ ಮೊದಲ ರಕ್ಷಣೆ ಅದು. ಇಷ್ಟಾದರೂ ತೊಂದರೆ ಇದ್ದರೆ ಡಬ್ಬಿ ಕೊಳ್ಳುವ ಮೊದಲು ವೈದ್ಯರಿಗೋ ದಾದಿಯರಿಗೋ ತೋರಿಸಿ. ಕೂಸು ಎದೆ ಹಿಡಿಯುವ ರೀತಿ ಸರಿಪಡಿಸಿದರೆ ಎಷ್ಟೋ ಸಮಸ್ಯೆಗಳು ಅಲ್ಲೇ ಬಗೆಹರಿಯುತ್ತವೆ. ಕೆಲವು ತಾಯಂದಿರಿಗೆ ನಿಜವಾಗಿಯೂ ಡಬ್ಬಿ ಹಾಲು ಬೇಕಾಗಬಹುದು. ವೈದ್ಯರು ಹಾಗೆ ಹೇಳಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅವರನ್ನು ಯಾರೂ ಕಡಿಮೆಯಾಗಿ ಕಾಣದಿರಲಿ.

ಈಗ ಅಜ್ಜಿಯರಿಗೆ, ಅತ್ತೆಯರಿಗೆ ಒಂದು ಮಾತು. ನಿಮ್ಮ ಕೈಗುಣದಿಂದಲೇ ನಾವೆಲ್ಲ ಬೆಳೆದಿದ್ದೇವೆ. ಎಣ್ಣೆ ನೀವಿ ಬಿಸಿನೀರು ಎರೆಯುವುದು, ಅಂಟಿನುಂಡೆ, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಖಾರ, ಆಳ್ವಿ ಪಾಯಸ, ಇವೆಲ್ಲ ಮುಂದುವರಿಯಲಿ. ಬಾಣಂತಿಗೆ ವಿಶ್ರಾಂತಿ ಬೇಕೆಂದು ಆಸ್ಪತ್ರೆಗಳಿಗಿಂತ ಮೊದಲೇ ತಿಳಿದವರು ನೀವು. ನಿಮ್ಮಲ್ಲಿ ಕೇಳಿಕೊಳ್ಳುವುದು ಪಥ್ಯದ ಬಗ್ಗೆ. ನಂಜಾಗುತ್ತದೆ ಎಂದು ಬೇಳೆ ಬಿಡಿಸುವುದು, ಸೊಪ್ಪು ಬಿಡಿಸುವುದು, ಹಣ್ಣು ಕೊಡದಿರುವುದು, ಬರೀ ಬಿಳಿ ಅನ್ನಕ್ಕೆ ತುಪ್ಪ, ಮೆಣಸಿನ ಪುಡಿ ಕಲಸಿ ತಿಂಗಳುಗಟ್ಟಲೆ ಉಣ್ಣಿಸುವುದು ಇನ್ನೂ ಕೆಲವು ಮನೆಗಳಲ್ಲಿದೆ. ಇದರಿಂದ ಕೂಸಿನ ಜೀವಕ್ಕೇ ಅಪಾಯ ಬರಬಹುದು.

ಇದು ಬರೀ ಹೆದರಿಸುವ ಮಾತಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಕೆಲವು ತಿಂಗಳ ಎಳೆಯ ಕೂಸುಗಳು ಏದುಸಿರು ಬಿಡುತ್ತ, ಹಾಲು ಬಿಟ್ಟು, ಪುಪ್ಪುಸದ ರಕ್ತನಾಳಗಳ ಒತ್ತಡ ವಿಪರೀತ ಏರಿದ ಸ್ಥಿತಿಯಲ್ಲಿ ಬರುತ್ತಿದ್ದವು. ಅನೇಕ ಮಕ್ಕಳು ಉತ್ತರ ಕರ್ನಾಟಕದ ಕಡೆಯವರು. ಹೃದಯದಲ್ಲಿ ಹುಟ್ಟಿನಿಂದ ಬಂದ ದೋಷ ಏನೂ ಇರಲಿಲ್ಲ. ತಾಯಂದಿರ ಊಟ ವಿಚಾರಿಸಿದಾಗ ಕಾರಣ ತಿಳಿಯಿತು. ಪಥ್ಯದ ಹೆಸರಿನಲ್ಲಿ ಅವರು ಉಂಡದ್ದು ಹೆಚ್ಚಾಗಿ ಪಾಲಿಶ್ ಮಾಡಿದ ಅಕ್ಕಿಯ ಅನ್ನ. ಪಾಲಿಶ್ ಮಾಡಿದಾಗ ಅಕ್ಕಿಯಲ್ಲಿರುವ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬಹುಪಾಲು ಹೋಗುತ್ತದೆ. ಮತ್ತೆ ಮತ್ತೆ ತೊಳೆದು, ಗಂಜಿ ಬಸಿದರೆ ಉಳಿದದ್ದೂ ಹೋಗುತ್ತದೆ. ತಾಯಿಯಲ್ಲಿ ಥಯಾಮಿನ್ ಕಡಿಮೆಯಾದರೆ ಅವಳ ಹಾಲಿನಲ್ಲೂ ಕಡಿಮೆಯಾಗುತ್ತದೆ. ಥಯಾಮಿನ್ ಚುಚ್ಚುಮದ್ದು ಕೊಟ್ಟಾಗ ಬಹುಪಾಲು ಮಕ್ಕಳು ಬೇಗ ಚೇತರಿಸಿಕೊಂಡವು. ಆ ವೈದ್ಯರು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ.

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ ನಮ್ಮದು. ಅನ್ನವನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅದರ ಜೊತೆಗೆ ಬೇಳೆ ಸಾರು, ಹೆಸರುಕಾಳು, ಮೆಂತ್ಯ ಸೊಪ್ಪು, ಶೇಂಗಾ, ಜೋಳದ ರೊಟ್ಟಿ, ಹಾಲು, ಮೊಟ್ಟೆ, ಸಿಗುವ ಹಣ್ಣು, ಇವುಗಳಲ್ಲಿ ಮನೆಗೆ ಹೊಂದುವುದನ್ನು ಬಡಿಸಿ. ಮಾಂಸಾಹಾರಿಗಳು ಮಾಂಸ, ಮೀನು ಕೊಡಬಹುದು. ನೀರನ್ನು ಯಾವ ಕಾರಣಕ್ಕೂ ತಡೆಯಬೇಡಿ. ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು. ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಬಿಗಿದು, ಮಂಚದ ಕೆಳಗೆ ಕೆಂಡ ಇಟ್ಟ ಕೋಣೆಯಲ್ಲಿ ಬೇಸಿಗೆ ಕಳೆಯುವುದು ತಾಯಿಗೂ ಕಷ್ಟ, ಕೂಸಿಗೂ ಕಷ್ಟ. ಆ ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಸೇರುತ್ತದೆ. ಗಾಳಿ ಆಡುವ ಕೋಣೆ ಇರಲಿ. ಕೂಸಿಗೆ ತಣ್ಣನೆಯ ಗಾಳಿ ನೇರ ತಾಗದಂತೆ ನೋಡಿಕೊಂಡರೆ ಸಾಕು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರವೂ ಆರು ತಿಂಗಳು ತೆಗೆದುಕೊಳ್ಳಬೇಕು. ಇವು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ.

ಕೂಸಿನ ವಿಷಯದಲ್ಲಿ ಕೆಲವನ್ನು ಬಿಟ್ಟರೆ ಒಳ್ಳೆಯದು. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ವರ್ಷ ತುಂಬುವ ತನಕ ಜೇನುತುಪ್ಪ ನೆಕ್ಕಿಸಬೇಡಿ. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಶಿನ ಏನನ್ನೂ ಹಚ್ಚದೆ ಒಣಗಿಸಿಡಿ. ದೃಷ್ಟಿಯ ಕಾಡಿಗೆ ಬೇಕೆನಿಸಿದರೆ ಕಣ್ಣಿನ ಬದಲು ಅಂಗಾಲಿಗೆ ಇಡಿ. ಅಂಗಾತ ಮಲಗಿಸಿ, ಮೆತ್ತನೆಯ ದಿಂಬುಗಳನ್ನು ದೂರವಿಡಿ. ಹರಿಹರೇಶ್ವರನ ದರ್ಶನ, ದುಗ್ಗಮ್ಮನ ಗುಡಿಗೆ ಹರಕೆ ಒಪ್ಪಿಸುವುದು, ಆರೋಗ್ಯ ಮಾತೆಯ ಚರ್ಚು, ದರ್ಗಾ, ಎಲ್ಲಿಗಾದರೂ ಹೋಗಿ. ಮೊದಲ ಲಸಿಕೆಗಳು ಆಗುವ ತನಕ ಜಾತ್ರೆಯ ನೂಕುನುಗ್ಗಲಿಗೆ ಮಾತ್ರ ಎಳೆಗೂಸನ್ನು ಕರೆದೊಯ್ಯಬೇಡಿ. ದೇವರು ಕಾಯುತ್ತಾನೆ.

ಅಪಾಯದ ಲಕ್ಷಣಗಳನ್ನು ಮನೆಯ ಎಲ್ಲರೂ ತಿಳಿದಿರಬೇಕು. ಕೂಸು ಹಾಲು ಕುಡಿಯುವುದನ್ನು ನಿಲ್ಲಿಸಿದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಎದೆಗೂಡು ಒಳಕ್ಕೆ ಸೆಳೆಯುತ್ತಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡಬೇಡಿ. ಬಾಲಗ್ರಹ ಎಂದು ತಾಯತ ಕಟ್ಟಿಸಲು ಹೋಗುವ ಸಮಯವಲ್ಲ ಅದು. ತಾಯಿಗೆ ವಿಪರೀತ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ತಾಳಲಾಗದ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲು ಊದಿ ನೋಯುವುದು, ಇವುಗಳಲ್ಲಿ ಯಾವುದು ಕಂಡರೂ ಹಾಗೆಯೇ. ಹರಿಹರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಇಷ್ಟು ಹತ್ತಿರ ಇಷ್ಟು ಸೌಕರ್ಯ ಇರುವ ಊರುಗಳು ನಾಡಿನಲ್ಲಿ ಹೆಚ್ಚಿಲ್ಲ. ಸಹಜ ಹೆರಿಗೆಯಾದರೂ ಎರಡು ದಿನ ಆಸ್ಪತ್ರೆಯಲ್ಲೇ ಇರಿ. ಮನೆಗೆ ಹೋಗುವ ಅವಸರ ಬೇಡ.

ಮೈಯ ಆರೈಕೆಯಷ್ಟೇ ಮನಸ್ಸಿನ ಆರೈಕೆಯೂ ಮುಖ್ಯ. ಹೆತ್ತ ಮೂರ್ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಿಡಿಮಿಡಿಯಾಗುವುದು ಬಹಳ ತಾಯಂದಿರಲ್ಲಿ ಉಂಟು. ಎರಡು ವಾರದೊಳಗೆ ಅದು ತಾನೇ ಕಳೆಯುತ್ತದೆ. ಕಳೆಯದೆ ಉಳಿದರೆ ಅದು ಬೇರೆ. ನಿದ್ದೆ ಬಾರದಿರುವುದು, ಕೂಸಿನ ಮೇಲೆ ಮನಸ್ಸೇ ಹೋಗದಿರುವುದು, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಕೊರಗು, ಬದುಕೇ ಬೇಡವೆನಿಸುವುದು ಖಿನ್ನತೆಯ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ನೂರು ಬಾಣಂತಿಯರಲ್ಲಿ 22 ಮಂದಿ ಈ ಖಿನ್ನತೆ ಅನುಭವಿಸುತ್ತಾರೆ ಎಂದು ಅದು ಕಂಡುಕೊಂಡಿತು. ಅಂದರೆ ನಿಮ್ಮ ಬೀದಿಯಲ್ಲಿ ಈ ವರ್ಷ ಐದು ಮನೆಗಳಲ್ಲಿ ತೊಟ್ಟಿಲು ತೂಗಿದ್ದರೆ, ಒಂದು ಮನೆಯ ತಾಯಿಗಾದರೂ ಈ ನೋವು ಇರಬಹುದು.

ನಮ್ಮ ಹಿರಿಯರು ಇದಕ್ಕಿಂತ ತೀವ್ರವಾದ ಇನ್ನೊಂದು ಕಾಯಿಲೆಯನ್ನೂ ಕಂಡಿದ್ದರು. ಬಾಣಂತಿ ಸನ್ನಿ ಎನ್ನುತ್ತಿದ್ದರು. ಇಲ್ಲದ ದನಿ ಕೇಳಿಸುವುದು, ಏನೇನೋ ಮಾತಾಡುವುದು, ರಾತ್ರಿಯಿಡೀ ಎದ್ದು ತಿರುಗಾಡುವುದು. ಅದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ಅಂಥ ಸ್ಥಿತಿಯಲ್ಲಿ ತಾಯಿ, ಕೂಸನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಕೂಸು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಘಟಕ 2009ರಿಂದ ನಡೆಯುತ್ತಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸೊಸೆ ಸೋಮಾರಿಯಾಗಿದ್ದಾಳೆ, ಮಗಳಿಗೆ ಹಟ ಹೆಚ್ಚಾಗಿದೆ ಎಂದುಕೊಳ್ಳುವ ಮೊದಲು ಒಂದು ಸಲ ಪಕ್ಕದಲ್ಲಿ ಕುಳಿತು, ‘ಹೇಗಿದ್ದೀಯಮ್ಮಾ’ ಎಂದು ಕೇಳಿ. ಬರುವ ನೆಂಟರು ಕೂಸು ಯಾರ ಹಾಗಿದೆ ಎಂದು ಕೇಳುತ್ತಾರೆ. ತಾಯಿ ಹೇಗಿದ್ದಾಳೆ ಎಂದು ಕೇಳುವವರು ಕಡಿಮೆ. ಹುಟ್ಟಿದ್ದು ಹೆಣ್ಣುಕೂಸಾದರೆ ಮುಖ ಸಣ್ಣ ಮಾಡಿಕೊಳ್ಳುವ ಒಬ್ಬರೇ ನೆಂಟರು ಸಾಕು, ಆ ತಾಯಿಯ ವಾರದ ನಿದ್ದೆ ಕೆಡಿಸಲು. ಅಂಥವರನ್ನು ಮೆಲ್ಲಗೆ ತಡೆಯುವ ಕೆಲಸ ಮನೆಯ ಯಜಮಾನರದು.

ಹೊಸ ಅಪ್ಪಂದಿರೇ, ಈ ಮುಂದಿನ ಮಾತುಗಳು ನಿಮಗಾಗಿಯೇ. ತವರಿನ ಬಾಣಂತನದಲ್ಲಿ ನಿಮಗೆಂದು ಯಾರೂ ಜಾಗ ಇಟ್ಟಿಲ್ಲ. ಕೂಸನ್ನು ನೋಡಲು ಬರುವ ನೆಂಟರಂತೆ ನೀವೂ ಬಂದು, ಸ್ವೀಟು ಹಂಚಿ, ಫೋಟೊ ತೆಗೆದುಕೊಂಡು ಹೋಗುತ್ತೀರಿ. ಮೂರನೆಯದೋ ಐದನೆಯದೋ ತಿಂಗಳಿಗೆ ಹೆಂಡತಿ, ಮಗು ಮನೆಗೆ ಬಂದಾಗ ಅವಳಿಗೆ ಎಲ್ಲವೂ ಗೊತ್ತಿರುತ್ತದೆ, ನಿಮಗೆ ಏನೂ ಗೊತ್ತಿರುವುದಿಲ್ಲ. ಅಲ್ಲಿಂದ ಮುಂದೆ ಮಗುವಿನ ಪ್ರತಿಯೊಂದು ಕೆಲಸವೂ ಅವಳದೇ ಆಗಿಬಿಡುತ್ತದೆ. ತಪ್ಪು ನಿಮ್ಮದಲ್ಲ, ಪದ್ಧತಿಯೇ ಹಾಗಿದೆ. ಬದಲಿಸುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಹಾಲೂಡಿಸುವುದೊಂದನ್ನು ಬಿಟ್ಟರೆ ಕೂಸಿನ ಎಲ್ಲ ಕೆಲಸವನ್ನೂ ನೀವು ಮಾಡಬಲ್ಲಿರಿ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ಬಟ್ಟೆ ಬದಲಿಸಿ. ಸ್ನಾನ ಮಾಡಿಸುವುದನ್ನು ಅತ್ತೆಯವರಿಂದ ಕಲಿಯಿರಿ. ಕೂಸು ಕಡಿಮೆ ತೂಕದ್ದಾಗಿದ್ದರೆ, ಅದನ್ನು ಬರಿಮೈಯಲ್ಲಿ ಎದೆಗವಚಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಅಪ್ಪನೂ ಮಾಡಬಹುದು. ಕೆಲವು ತಾಸು ನಿಮ್ಮ ಎದೆಯ ಮೇಲೆ ಕೂಸು ಮಲಗಿದರೆ ಅಷ್ಟು ಹೊತ್ತು ತಾಯಿಗೆ ನಿದ್ದೆ ಸಿಗುತ್ತದೆ. ಎರಡನೇ ವಾರದಿಂದ ಕೂಸಿನ ಅಳು ಹೆಚ್ಚುತ್ತ ಹೋಗಿ, ಆರನೇ ವಾರದ ಹೊತ್ತಿಗೆ ಏರಿಕೆಯ ತುದಿ ಮುಟ್ಟಿ, ಮೂರ್ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆಯಲ್ಲಿ ಅಳು ಹೆಚ್ಚು. ಇದು ಗೊತ್ತಿದ್ದರೆ ಗಾಬರಿ ಕಡಿಮೆ. ತಾಳ್ಮೆ ತಪ್ಪುತ್ತಿದೆ ಎನಿಸಿದರೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಐದು ನಿಮಿಷ ಹೊರಗೆ ನಿಂತು ಬನ್ನಿ. ಎಂದಿಗೂ ಕೂಸನ್ನು ಜೋರಾಗಿ ಅಲುಗಾಡಿಸಬೇಡಿ. ಈ ಹೆರಿಗೆಗೂ ಮುಂದಿನ ಬಸಿರಿಗೂ ಕಡಿಮೆಯೆಂದರೆ ಎರಡು ವರ್ಷದ ಅಂತರವಿರಲಿ. ಅದರ ಬಗ್ಗೆ ವೈದ್ಯರ ಬಳಿ ಮಾತಾಡಲು ನೀವೂ ಜೊತೆಗೆ ಹೋಗಿ, ಹೆಂಡತಿಯೊಬ್ಬಳನ್ನೇ ಕಳಿಸಬೇಡಿ.

ರಜೆ ಎಲ್ಲಿದೆ ಎಂದು ನೀವು ಕೇಳಬಹುದು. ರಾಜ್ಯ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ದಯವಿಟ್ಟು ಅದನ್ನು ಪೂರ್ತಿ ಬಳಸಿ. ಖಾಸಗಿಯಲ್ಲಿ ಇರುವವರು ಮೇಲಿನವರನ್ನು ಕೇಳಿ ನೋಡಿ, ಮನೆಯಿಂದ ಕೆಲಸ ಮಾಡುವ ಅವಕಾಶವಿದ್ದರೆ ಆ ದಿನಗಳನ್ನು ದಾವಣಗೆರೆಯ ಮನೆಯಲ್ಲೇ ಕಳೆಯಿರಿ. ಮಗಳ ತಾಯ್ತಂದೆಯರಲ್ಲೂ ಒಂದು ಬೇಡಿಕೆ: ಅಳಿಯ ಹದಿನೈದು ದಿನ ನಿಮ್ಮ ಮನೆಯಲ್ಲಿ ಉಳಿದು ಕೂಸಿನ ಬಟ್ಟೆ ಒಗೆದರೆ ಅದರಲ್ಲಿ ಮುಜುಗರ ಬೇಡ. ಅವರಿಗೆ ಅಲ್ಲಿರಲು ನೀವೇ ಸಲುಗೆ ಕೊಡಬೇಕು.

ಅಂಗಡಿ, ಹೋಟೆಲು, ಶಾಲೆ, ಆಸ್ಪತ್ರೆ, ಕಾರ್ಖಾನೆ ನಡೆಸುವ ನಮ್ಮೂರಿನ ಮಾಲೀಕರೇ, ನಿಮ್ಮ ನೆರವೂ ಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ವೇತನ ಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಕಾನೂನಿನ ಅಳತೆಗೆ ಸಿಗದ ಚಿಕ್ಕ ಅಂಗಡಿಗಳಲ್ಲೂ ಮಾಡಬಹುದಾದದ್ದು ಬಹಳ ಇದೆ. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಲ್ಲುವ ಬಸುರಿಗೆ ಒಂದು ಕುರ್ಚಿ ಕೊಡಿ. ಹೆತ್ತು ಬಂದವಳಿಗೆ ಎದೆಹಾಲು ಹಿಂಡಿಡಲು ಬಾಗಿಲಿರುವ ಒಂದು ಮೂಲೆ ಮಾಡಿಕೊಡಿ. ಅಪ್ಪನಾದ ಹುಡುಗನಿಗೆ ಒಂದು ವಾರ ಬಿಡುವು ಕೊಡಿ. ಆ ಒಂದು ವಾರವನ್ನು ಅವನು ಮರೆಯುವುದಿಲ್ಲ.

ಮಂಡಕ್ಕಿ ಭಟ್ಟಿಗಳ ಬಿಸಿಯಲ್ಲಿ ದುಡಿಯುವ, ಮನೆಯಲ್ಲೇ ಕೂತು ಬೀಡಿ ಕಟ್ಟುವ, ಗಾರೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಯಾವ ರಜೆಯೂ ಇಲ್ಲ. ದುಡಿಯದ ದಿನ ಕೂಲಿ ಇಲ್ಲ. ಅವರಿಗೆ ಸಿಗಬೇಕಾದ ಸೌಲಭ್ಯ ಸಿಗುವಂತೆ ನೋಡಿಕೊಳ್ಳುವುದು ಓದು ಬರಹ ಬಲ್ಲ ನಮ್ಮ ನಿಮ್ಮ ಕೆಲಸ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಬರುತ್ತದೆ, ಎರಡನೆಯದು ಹೆಣ್ಣಾದರೆ 6,000. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಪೌಷ್ಟಿಕ ಆಹಾರವಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳು ಬಸುರಿಯಾಗಿದ್ದರೆ ತಾಯಿ ಕಾರ್ಡ್ ಮಾಡಿಸಿದ್ದಾಳೆಯೇ ಎಂದು ಕೇಳಿ. ಇಲ್ಲವಾದರೆ ಅರ್ಜಿ ತುಂಬಲು ಅರ್ಧ ಗಂಟೆ ಕೊಡಿ. ಮಗು ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿ ಮಾಡಿಸಲು ನೆನಪಿಸಿ. ಅದಕ್ಕೆ ಶುಲ್ಕವಿಲ್ಲ.

ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ಆಸ್ಪತ್ರೆಯ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ಕೂಸಿನ ತೂಕ, ಜ್ವರ, ಹಾಲೂಡಿಕೆ, ತಾಯಿಯ ಆರೋಗ್ಯ ನೋಡಬೇಕು. ನಮಗೆ ದೊಡ್ಡ ಡಾಕ್ಟರ ಪರಿಚಯವಿದೆ ಎನ್ನುವ ಮನೆಗಳಲ್ಲೂ ಅವರಿಗೊಂದು ಕುರ್ಚಿ ಹಾಕಿ, ನೀರು ಕೊಟ್ಟು, ಒಳಗೆ ಕರೆಯಿರಿ. ಡಾಕ್ಟರು ನೋಡುವುದು ಆಸ್ಪತ್ರೆಯಲ್ಲಿ. ಬಾಣಂತಿಯ ಕೋಣೆ ಹೇಗಿದೆ, ಊಟ ಹೇಗಿದೆ ಎಂದು ಕಣ್ಣಾರೆ ಕಾಣುವವರು ಇವರೊಬ್ಬರೇ.

ನಿಮ್ಮ ಮನೆಯಲ್ಲಿ ಈಗ ಯಾರಾದರೂ ಬಸುರಿಯಾಗಿದ್ದರೆ, ಈ ಭಾನುವಾರ ಊಟವಾದ ಮೇಲೆ ಎರಡೂ ಕಡೆಯ ಹಿರಿಯರು, ಗಂಡ, ಹೆಂಡತಿ ಒಟ್ಟಿಗೆ ಕೂತು ಮಾತಾಡಿ. ಎದುರಿಗೆ ಬರಲಾಗದವರು ಫೋನಿನಲ್ಲಿ ಸೇರಲಿ. ಹೆರಿಗೆಯ ತಿಂಗಳಿನ ಕ್ಯಾಲೆಂಡರ್ ತೆಗೆದು, ಮೊದಲ ಆರು ವಾರಗಳಲ್ಲಿ ಯಾವ ರಾತ್ರಿ ಯಾರು ಎದ್ದಿರುತ್ತಾರೆ, ಯಾವ ವಾರ ಅಪ್ಪ ಬಂದಿರುತ್ತಾನೆ, ಅಜ್ಜಿಗೆ ವಿಶ್ರಾಂತಿ ಯಾವಾಗ, ಅಡುಗೆ ಯಾರದು ಎಂದು ಹೆಸರು ಬರೆದು ಗುರುತು ಮಾಡಿ. ಏನು ಬೇಕೆಂದು ಬಸುರಿಯನ್ನೇ ಮೊದಲು ಕೇಳಿ, ಅವಳು ಹೇಳಿದ್ದನ್ನು ಮೊದಲು ಬರೆಯಿರಿ. ಆ ಹಾಳೆಯ ಕೆಳಗೆ ಮೂರು ಸಂಖ್ಯೆಗಳಿರಲಿ: ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104, ಮನಸ್ಸಿನ ನೆರವಿಗೆ 14416. ಅದನ್ನು ಮನೆಯವರೆಲ್ಲರಿಗೂ ಕಾಣುವ ಗೋಡೆಗೆ ಅಂಟಿಸಿ.